ನಮ್ಮ ಮೇಲೆ ದಂಡು ಹೊರಡಿಸಿದ ಕೋಟೆಯನ್ನು ನಾವು ಗೌರವಿಸೋದು ಹೇಗೆ? – ಚೆನ್ನೈನ ಸೇಂಟ್ ಜಾರ್ಜ್ ಕೋಟೆ



ಚೆನ್ನೈನಲ್ಲಿ ಕೆಲಸ ಮಾಡುವ ಕನ್ನಡದವರನ್ನು "ಸೇಂಟ್ ಜಾರ್ಜ್ ಕೋಟೆ ನೋಡಿದ್ದೀರಾ?" ಅಂತ ಕೇಳಿದರೆ ಹೆಚ್ಚಾಗಿ ಬರೋ ಉತ್ತರ, "ಅದು ಸೆಕ್ರೆಟೇರಿಯಟ್ ಅಲ್ವಾ? ಒಳಗೆ ಬಿಡ್ತಾರಾ?" ಓಎಂಆರ್‌ನಲ್ಲಿ ಆಫೀಸು, ವೇಳಚೇರಿಯಲ್ಲೋ ಪೆರುಂಗುಡಿಯಲ್ಲೋ ಮನೆ, ಶುಕ್ರವಾರ ರಾತ್ರಿ ಊರಿನ ಬಸ್ಸು. ಈ ತ್ರಿಕೋನದ ಹೊರಗೆ ಕೋಟೆ ಬರೋದೇ ಇಲ್ಲ. ಬಿಡ್ತಾರೆ, ಮ್ಯೂಸಿಯಂಗೂ ಚರ್ಚಿಗೂ ಬಿಡ್ತಾರೆ. ಗೇಟಿನಲ್ಲಿ ಪೊಲೀಸರು ಬ್ಯಾಗ್ ನೋಡ್ತಾರೆ, ಅಷ್ಟೇ.

ಇವತ್ತಿನ ಮಾತು ಆ ಕೋಟೆಯ ಬಗ್ಗೆ. ಆದರೆ ಟೂರಿಸ್ಟ್ ಗೈಡ್ ಥರ ಅಲ್ಲ. ನನ್ನ ಟೀಮಿನ ಒಬ್ಬ ತಮಿಳು ಸಹೋದ್ಯೋಗಿ ಊಟದ ಹೊತ್ತಲ್ಲಿ ನಗುತ್ತಾ ಒಂದು ಪ್ರಶ್ನೆ ಹಾಕಿದ: "ನಿಮ್ಮ ಮೈಸೂರಿನ ಮೇಲೆ ನಾಲ್ಕು ಯುದ್ಧ ಮಾಡಿಸಿದ ಜಾಗ ಅದು. ನೀನು ಅಲ್ಲಿಗೆ ಹೋಗಿ ಏನನ್ನ ಗೌರವಿಸ್ತೀಯ?" ಅವನು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ನಾನು ಬಳ್ಳಾರಿ ಕಡೆಯವನು, ನಮ್ಮ ಸೋದರಮಾವ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು. ಈ ಎರಡೂ ಎಳೆ ಹಿಡಿದು ಹಿಂದಕ್ಕೆ ಹೋದರೆ ಬಂದು ನಿಲ್ಲೋದು ಇದೇ ಕೋಟೆಗೆ. ಹೇಗೆ ಅಂತ ಹೇಳ್ತೀನಿ.

ಮೊದಲು ಹುಟ್ಟಿನ ಕಥೆ. 1639ರ ಆಗಸ್ಟ್ 22. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಅನ್ನೋ ಅಧಿಕಾರಿಗೆ ಈ ಕರಾವಳಿಯ ಒಂದು ಮರಳುಪಟ್ಟಿ ಸಿಗುತ್ತೆ. ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. ಈ ನಾಯಕ ಯಾರ ಕೈಕೆಳಗಿದ್ದ? ಚಂದ್ರಗಿರಿಯಲ್ಲಿ ಕೂತಿದ್ದ ಅರವೀಡು ವಂಶದ ರಾಯರ ಕೈಕೆಳಗೆ. ಅಂದ್ರೆ ವಿಜಯನಗರ. 1565ರ ರಕ್ಕಸ-ತಂಗಡಿ ಯುದ್ಧದ ನಂತರ ಹಂಪಿ ಬಿಟ್ಟು ಪೆನುಕೊಂಡೆಗೆ, ಆಮೇಲೆ ಚಂದ್ರಗಿರಿಗೆ ಸರಿದ ಅದೇ ರಾಜ್ಯದ ಕೊನೆಯ ಉಸಿರಿನ ಕಾಲ. ಹಂಪಿಯಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ ಬೆಳೆದ ನನಗೆ ಇದು ಗೊತ್ತಾದಾಗ ಒಂಥರಾ ಆಯ್ತು. ಮದರಾಸಿನ ಮೊದಲ ಕಾಗದಕ್ಕೆ ನಮ್ಮ ರಾಯರ ವಂಶವೃಕ್ಷದ ನೆರಳಿದೆ.

ಜಾಗ ಆಯ್ಕೆ ಮಾಡಿದ್ದು ವಿಚಿತ್ರ. ಬಂದರು ಇಲ್ಲ. ಅಲೆಗಳ ಅಬ್ಬರಕ್ಕೆ ಹಡಗು ದಡಕ್ಕೆ ಬರೋದೇ ಸಾಧ್ಯವಿಲ್ಲ, ದೂರ ನಿಲ್ಲಿಸಿ ಮಸೂಲಾ ದೋಣಿಗಳಲ್ಲಿ ಜನ ಸಾಮಾನು ಇಳಿಸಬೇಕು. ಮಸೂಲಾ ಅಂದ್ರೆ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಲ್ಲಿ ಹೊಲಿದು ಮಾಡಿದ ದೋಣಿ, ಅಲೆ ಬಡಿದಾಗ ಒಡೆಯಲ್ಲ, ಬಾಗುತ್ತೆ. ಮತ್ಯಾಕೆ ಈ ಜಾಗ? ಇಲ್ಲಿ ಹತ್ತಿ ಬಟ್ಟೆ ಅಗ್ಗವಾಗಿ ಸಿಗ್ತಿತ್ತು. ಪಕ್ಕದ ಸಾಂತೋಮ್‌ನಲ್ಲಿ ಡೇ ಸಾಹೇಬನಿಗೆ ಒಬ್ಬ ಪ್ರೇಯಸಿ ಇದ್ದಳು, ಅದಕ್ಕೇ ಈ ಜಾಗ ಹಿಡಿದ ಅಂತ ಆ ಕಾಲದಲ್ಲೇ ಗಾಸಿಪ್ ಇತ್ತು. ಅದಿರಲಿ. ಕೋಟೆ ಕಟ್ಟಿದ್ದು ಮೊದಲಿಗೆ ಬಟ್ಟೆಯ ಗೋದಾಮಿಗೆ ಬೇಲಿಯಾಗಿ. ಇಂಗ್ಲೆಂಡಿನ ಸಂತ ಜಾರ್ಜನ ಹೆಸರಿಟ್ಟರು.

ಮುಂದಿನ ನೂರು ವರ್ಷದ ವ್ಯಾಪಾರದ ಕಥೆಯನ್ನ ಬೇಗ ದಾಟ್ತೀನಿ. ಒಂದೇ ನಿಲ್ದಾಣ: ಸೇಂಟ್ ಮೇರೀಸ್ ಚರ್ಚ್, 1680. ಸೂಯೆಜ್‌ನಿಂದ ಪೂರ್ವಕ್ಕೆ ಇರುವ ಅತಿ ಹಳೆಯ ಆಂಗ್ಲಿಕನ್ ಚರ್ಚ್ ಅಂತಾರೆ. ಅದರ ಗೋಡೆ ನಾಲ್ಕು ಅಡಿ ದಪ್ಪ, ಕಮಾನಿನ ಛಾವಣಿ ಎರಡು ಅಡಿ ದಪ್ಪ. ದೇವರ ಮನೆಗೆ ಯಾಕೆ ಇಷ್ಟು ದಪ್ಪ ಅಂದ್ರೆ, ಫಿರಂಗಿ ಗುಂಡು ಬಿದ್ದರೂ ತಡೆಯಬೇಕು ಅಂತ. ಅಲ್ಲಿ ಆದ ಮೊದಲ ಮದುವೆ ಎಲಿಹು ಯೇಲ್‌ನದು. ಹೌದು, ಅಮೆರಿಕದ ಯೇಲ್ ಯೂನಿವರ್ಸಿಟಿಗೆ ಯಾರ ಹೆಸರಿದೆಯೋ ಅವನೇ. ಮುಂದೆ ಇಲ್ಲಿ ಗವರ್ನರ್ ಆದ, ಖಾಸಗಿ ವ್ಯಾಪಾರದಲ್ಲಿ ದುಡ್ಡು ಮಾಡಿದ, 1692ರಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಕೆಲಸ ಕಳಕೊಂಡ. ಅವನ ಆಡಳಿತದ ಕಾಲದಲ್ಲೇ ಮದರಾಸಿನಿಂದ ಗುಲಾಮರನ್ನ ಹಡಗಿಗೆ ಹತ್ತಿಸಿದ ದಾಖಲೆಗಳೂ ಇವೆ. ಜಿಆರ್‌ಇ ಬರೆದು ಆ ಕಾಲೇಜಿಗೆ ಅರ್ಜಿ ಹಾಕೋ ನಮ್ಮ ಹುಡುಗರಿಗೆ ಇದೂ ಗೊತ್ತಿರಲಿ.

ಈಗ ಮುಖ್ಯ ಭಾಗ. ಗೋದಾಮು ನಿಜವಾದ ದಂಡಿನ ಠಾಣೆ ಆಗಿದ್ದು ಒಂದು ಸೋಲಿನಿಂದ. 1746ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರು ಬಂದರು, ಕೆಲವೇ ದಿನದಲ್ಲಿ ಕೋಟೆ ಅವರ ಕೈಗೆ ಹೋಯ್ತು. ಆಗ ಅಲ್ಲಿ ಗುಮಾಸ್ತನಾಗಿದ್ದ ರಾಬರ್ಟ್ ಕ್ಲೈವ್ ವೇಷ ಮರೆಸಿಕೊಂಡು ಕಡಲೂರಿನ ಕಡೆಗೆ ಓಡಿದ. ಇದಾದ ಕೆಲವೇ ವಾರಕ್ಕೆ ಇನ್ನೊಂದು ಘಟನೆ. ಆರ್ಕಾಟಿನ ನವಾಬ, ಊರನ್ನ ನನಗೆ ಒಪ್ಪಿಸಿ ಅಂತ ಮಗನ ಕೈಲಿ ಸುಮಾರು ಹತ್ತು ಸಾವಿರ ಜನರ ಸೈನ್ಯ ಕಳಿಸಿದ. ಎದುರಿಗೆ ಫ್ರೆಂಚರ ಕಡೆ ಸುಮಾರು ಸಾವಿರ ಜನ, ಅದರಲ್ಲೂ ಹೆಚ್ಚಿನವರು ಅವರು ತರಬೇತಿ ಕೊಟ್ಟಿದ್ದ ದೇಶೀ ಸಿಪಾಯಿಗಳು. ಅಡಯಾರ್ ನದಿಯ ಬಾಯಲ್ಲಿ ಆ ಸಾವಿರ ಜನ ಆ ಹತ್ತು ಸಾವಿರವನ್ನ ಓಡಿಸಿಬಿಟ್ಟರು. ಸಾಲಾಗಿ ನಿಂತು, ಆಜ್ಞೆಗೆ ಸರಿಯಾಗಿ ಗುಂಡು ಹಾರಿಸಿ, ಮತ್ತೆ ತುಂಬಿ, ಮತ್ತೆ ಹಾರಿಸುವ ಕವಾಯತು, ಅಷ್ಟೇ ಆಯುಧ. ನೀವು ಅಡಯಾರ್ ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಒಂದ್ಸಲ ಪೂರ್ವಕ್ಕೆ ನೋಡಿ. ಮುಂದಿನ ಇನ್ನೂರು ವರ್ಷ ಈ ದೇಶದಲ್ಲಿ ಸೈನ್ಯ ಅಂದ್ರೆ ಏನು ಅನ್ನೋದು ಆ ಮರಳಿನಲ್ಲಿ ಬದಲಾಯ್ತು.

ಇಂಗ್ಲಿಷರು ಪಾಠ ಕಲಿತರು. ಕೋಟೆ ಒಪ್ಪಂದದ ಮೂಲಕ 1749ರಲ್ಲಿ ವಾಪಸ್ ಸಿಕ್ತು. ಅಷ್ಟರಲ್ಲಿ ಮೇಜರ್ ಸ್ಟ್ರಿಂಜರ್ ಲಾರೆನ್ಸ್ ಬಂದಿದ್ದ. ಊರಿನ ಪೇದೆಗಳನ್ನ ಸೇರಿಸಿ ಕವಾಯತು ಮಾಡಿಸೋಕೆ ಶುರು ಮಾಡಿದ. ಇವತ್ತಿನ ಮದ್ರಾಸ್ ರೆಜಿಮೆಂಟ್ ತನ್ನ ಹುಟ್ಟನ್ನ 1758ಕ್ಕೆ ಲೆಕ್ಕ ಹಾಕುತ್ತೆ. ಭಾರತೀಯ ಸೇನೆಯ ಅತ್ಯಂತ ಹಳೆಯ ಪದಾತಿ ರೆಜಿಮೆಂಟುಗಳಲ್ಲಿ ಅದೂ ಒಂದು.

ಎಂಜಿನಿಯರ್ ಆಗಿ ನನಗೆ ಇದಕ್ಕಿಂತ ಇಷ್ಟವಾದ ಪಾತ್ರ ಬೆಂಜಮಿನ್ ರಾಬಿನ್ಸ್. ಹೆಸರು ಕೇಳಿಲ್ಲದಿದ್ದರೂ ಇವನ ಲೆಕ್ಕ ನೀವು ಮಾಡಿದ್ದೀರಿ. ಪಿಯುಸಿ ಫಿಸಿಕ್ಸ್‌ನಲ್ಲಿ ಬ್ಯಾಲಿಸ್ಟಿಕ್ ಪೆಂಡ್ಯುಲಮ್ ಇತ್ತಲ್ಲ, ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಾಡಿತು ಅನ್ನೋದರಿಂದ ಗುಂಡಿನ ವೇಗ ಕಂಡುಹಿಡಿಯೋದು? ಅದು ಇವನದೇ. 1742ರಲ್ಲಿ ಫಿರಂಗಿ ವಿದ್ಯೆಯ ಮೇಲೆ ಪುಸ್ತಕ ಬರೆದ. ಅದನ್ನ ಜರ್ಮನ್‌ಗೆ ಅನುವಾದಿಸಿ ಟಿಪ್ಪಣಿ ಬರೆದವನು ಯಾರು ಗೊತ್ತಾ, ಆಯ್ಲರ್! ಗಣಿತದ ಆಯ್ಲರ್. ಇಂಥವನನ್ನ ಕಂಪನಿ ಎಂಜಿನಿಯರ್-ಜನರಲ್ ಮಾಡಿ, ಹೋಗಿ ನಮ್ಮ ಕೋಟೆಗಳನ್ನ ಸರಿಮಾಡು ಅಂತ ಕಳಿಸ್ತು. 1750ರಲ್ಲಿ ಬಂದ, ನಕ್ಷೆಗಳನ್ನ ಮಾಡಿದ, ಒಂದೇ ವರ್ಷಕ್ಕೆ, 1751ರಲ್ಲಿ ಜ್ವರ ಬಂದು ಕಡಲೂರಿನ ಕೋಟೆಯಲ್ಲಿ ತೀರಿಕೊಂಡ. ಆಮೇಲೆ ಬಂದ ಬ್ರೋಹಿಯರ್, ಜಾನ್ ಕಾಲ್, ಪ್ಯಾಟ್ರಿಕ್ ರಾಸ್ ಅನ್ನೋ ಎಂಜಿನಿಯರ್‌ಗಳು ಒಬ್ಬರಾದ ಮೇಲೊಬ್ಬರು ಕೆಲಸ ಮುಂದುವರಿಸಿ 1780ರ ದಶಕದ ಹೊತ್ತಿಗೆ ಈಗ ಕಾಣೋ ಆಕಾರ ಬಂತು. ನಾವು ಬರೆದ ಕೋಡನ್ನ ನಾಲ್ಕನೇ ಟೀಮ್ ಪ್ರೊಡಕ್ಷನ್‌ಗೆ ಹಾಕೋ ಹಾಗೆ.

ಕೋಟೆಯ ಸುತ್ತ ನಡೆದರೆ ಗೋಡೆ ನೇರ ಇಲ್ಲ, ಬಾಣದ ತುದಿ ಥರ ಹೊರಚಾಚಿಕೊಂಡಿರೋದು ಕಾಣುತ್ತೆ. ಅದೇ ಬ್ಯಾಸ್ಟಿಯನ್. ಕ್ಲೌಡ್‌ನಲ್ಲಿ ಬ್ಯಾಸ್ಟಿಯನ್ ಹೋಸ್ಟ್ ಅಂತೀವಲ್ಲ, ಆ ಪದ ಬಂದಿದ್ದು ಇಲ್ಲಿಂದಲೇ. ಉದ್ದೇಶ ಸರಳ: ಗೋಡೆಯ ಬುಡಕ್ಕೆ ಬಂದ ಶತ್ರುವನ್ನ ಗೋಡೆಯ ಮೇಲಿಂದ ಬಗ್ಗಿ ಹೊಡೆಯೋದು ಕಷ್ಟ. ಪಕ್ಕದ ಬ್ಯಾಸ್ಟಿಯನ್‌ನಿಂದ ಅಡ್ಡಲಾಗಿ ಹೊಡೆಯಬಹುದು. ಹೀಗೆ ಪ್ರತಿ ಮೂಲೆ ಇನ್ನೊಂದು ಮೂಲೆಯನ್ನ ಕಾಯುತ್ತೆ. ಗೋಡೆಯ ಎದುರಿನ ಒಂದಡಿಯೂ ಕಣ್ಣಿಗೆ ಬೀಳದೆ ಉಳಿಯಬಾರದು, ಇದು ಲೆಕ್ಕ.

ಈ ಲೆಕ್ಕಕ್ಕೆ ಬೆಲೆ ತೆತ್ತವರು ಬೇರೆಯವರು. ಕೋಟೆಯ ಉತ್ತರ ಗೋಡೆಗೆ ಅಂಟಿಕೊಂಡೇ ಒಂದು ಊರಿತ್ತು, ಇಂಗ್ಲಿಷರು 'ಬ್ಲ್ಯಾಕ್ ಟೌನ್' ಅಂತ ಕರೀತಿದ್ದರು. ನೇಕಾರರು, ಬಣ್ಣ ಹಾಕುವವರು, ದುಬಾಷಿಗಳು, ದೋಣಿಯವರು, ಕಂಪನಿಯ ವ್ಯಾಪಾರ ನಿಂತಿದ್ದೇ ಇವರ ಮೇಲೆ. ಮನೆಗಳ ಮರೆಯಲ್ಲಿ ಶತ್ರು ಬರ್ತಾನೆ ಅಂತ ಆ ಊರನ್ನೇ ಕೆಡವಿದರು. ಸ್ವಲ್ಪ ಫ್ರೆಂಚರು ಕೆಡವಿದ್ದು, ಉಳಿದದ್ದು ಇಂಗ್ಲಿಷರು. ಊರಿನ ನಡುವೆ ಇದ್ದ ಚೆನ್ನಕೇಶವ ದೇವಸ್ಥಾನವೂ 1757ರಲ್ಲಿ ಹೋಯ್ತು, ಆಮೇಲೆ ಬೇರೆ ಕಡೆ, ಹೂವಿನ ಮಾರ್ಕೆಟ್ ಹತ್ತಿರ, ಶಿವನಿಗೂ ವಿಷ್ಣುವಿಗೂ ಜೋಡಿ ಗುಡಿಯಾಗಿ ಎದ್ದು ನಿಂತಿತು. ಹಳೆ ಊರು ಇದ್ದ ಜಾಗದಲ್ಲಿ ಈಗ ಹೈಕೋರ್ಟ್ ಇದೆ. 1773ರಲ್ಲಿ ಆರು ಕಲ್ಲುಕಂಬ ನೆಟ್ಟು, ಇದರಿಂದ ಈಚೆಗೆ ಯಾರೂ ಮನೆ ಕಟ್ಟಬಾರದು ಅಂದರು. ಅದರಲ್ಲಿ ಒಂದು ಮಾತ್ರ ಉಳಿದಿದೆ, ಪ್ಯಾರಿಸ್ ಕಾರ್ನರ್‌ನಲ್ಲಿ, ಡೇರ್ ಹೌಸ್ ಪಕ್ಕದಲ್ಲಿ. ನೂರಾರು ಜನ ಬಸ್ಸಿಗೆ ಓಡುತ್ತಾ ಅದರ ಪಕ್ಕದಲ್ಲೇ ಹೋಗ್ತಾರೆ. ಇಡೀ ಕೋಟೆಯಲ್ಲಿ ನಾನು ಹೆಚ್ಚು ಗೌರವ ಕೊಡೋ ಕಲ್ಲು ಅದೇ. ಮಾರ್ಬಲ್ ಮೂರ್ತಿಗಳು ಯಾರು ಗೆದ್ದರು ಅಂತ ಹೇಳ್ತವೆ. ಈ ಕಂಬ ನೋಡಿದರೆ ಯಾರ ಮನೆ ಹೋಯ್ತು ಅಂತ ಗೊತ್ತಾಗುತ್ತೆ.

1758ರ ಡಿಸೆಂಬರ್‌ನಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮತ್ತೆ ಮುತ್ತಿಗೆ ಹಾಕಿದ, ಎರಡು ತಿಂಗಳು ಹೊಡೆದ. ಈ ಸಲ ಕೋಟೆ ಬೀಳಲಿಲ್ಲ. ಅವನ ಸೈನಿಕರು ಹಳೆ ಸ್ಮಶಾನದ ದೊಡ್ಡ ದೊಡ್ಡ ಗೋರಿಗಳ ಮರೆಯಲ್ಲಿ ಕೂತು ಗುಂಡು ಹಾರಿಸಿದ್ದರಿಂದ, ಯುದ್ಧ ಮುಗಿದ ಮೇಲೆ ಆ ಗೋರಿಗಳನ್ನ ಕಿತ್ತು ಕಲ್ಲುಗಳನ್ನ ತಂದು ಸೇಂಟ್ ಮೇರೀಸ್ ಚರ್ಚಿನ ಸುತ್ತ ನೆಲಕ್ಕೆ ಹಾಸಿದರು. ಇವತ್ತೂ ನೀವು ಅವುಗಳ ಮೇಲೆಯೇ ನಡೀಬೇಕು. ಒಂದೆರಡು ಗೋರಿ ಮಾತ್ರ ಅಲ್ಲೇ ಉಳಿದವು. ಅದರಲ್ಲಿ ಯೇಲ್‌ನ ಚಿಕ್ಕ ಮಗನದೂ ಒಂದು. ಹೈಕೋರ್ಟಿನ ಪಾರ್ಕಿಂಗ್‌ಗೆ ಅಡ್ಡ ಬರುತ್ತೆ ಅಂತ 2023ರಲ್ಲಿ ಅದರ ಮೇಲೆ ಕೇಸೇ ನಡೀತು. ಮುನ್ನೂರು ಚಿಲ್ಲರೆ ವರ್ಷದ ಕೆಳಗೆ ಸತ್ತ ಮಗು, ಪಾಪ, ಇನ್ನೂ ಪಾರ್ಕಿಂಗ್ ಜಗಳದಲ್ಲಿದೆ.

ಈಗ ನಮ್ಮ ಕಡೆಯವರು ಬರ್ತಾರೆ.

ಟಿಪ್ಪು, ಹೈದರ್ ಬಗ್ಗೆ ನಮ್ಮಲ್ಲಿ ಏನೇನು ಜಗಳ ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಇಲ್ಲಿ ಇಳಿಯಲ್ಲ. ಕೋಟೆಯ ಕಡೆಯಿಂದ ನೋಡಿದರೆ ವಿಷಯ ಇಷ್ಟೇ: ಮೂವತ್ತು ವರ್ಷ ಆ ಕೋಟೆಯ ನಿದ್ದೆ ಕೆಡಿಸಿದ್ದು ಮೈಸೂರು. 1769ರಲ್ಲಿ ಹೈದರ್ ತನ್ನ ಕುದುರೆ ದಂಡು ತಗೊಂಡು ನೇರ ಪರಂಗಿಮಲೆ ಅಂದ್ರೆ ಸೇಂಟ್ ಥಾಮಸ್ ಮೌಂಟ್ ತನಕ ಬಂದುಬಿಟ್ಟ. ಏರ್‌ಪೋರ್ಟ್ ಪಕ್ಕದ ಗುಡ್ಡ ಇದೆಯಲ್ಲ, ಅದೇ. ಕಂಪನಿಯ ಮುಖ್ಯ ಸೈನ್ಯ ಬೇರೆಲ್ಲೋ ಇತ್ತು. ಏಪ್ರಿಲ್‌ನಲ್ಲಿ ಒಪ್ಪಂದ ಆಯ್ತು: ಪರಸ್ಪರ ಗೆದ್ದ ಜಾಗ ವಾಪಸ್, ಯಾರಾದರೂ ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿ ನೆರವಿಗೆ ಬರಲಿಲ್ಲ. ಹೈದರ್ ಅದನ್ನ ಮರೆಯಲಿಲ್ಲ.

1780ರಲ್ಲಿ ಘಟ್ಟ ಇಳಿದು ಬಂದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಡೀ ದಂಡು ನಾಶವಾಯ್ತು, ಬೇಲಿ ಸೆರೆ ಸಿಕ್ಕ. ಹತ್ತಿರದಲ್ಲೇ ಇದ್ದ ಹೆಕ್ಟರ್ ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನ ಕಾಂಚೀಪುರದ ಕೊಳಕ್ಕೆ ಹಾಕಿ ಮದರಾಸಿಗೆ ಹಿಂದಿರುಗಿದ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆ ಮೇಲೆ ಒಂದು ಉದ್ದನೆಯ ಯುದ್ಧದ ಚಿತ್ರ ಇದೆಯಲ್ಲ, ಸ್ಕೂಲ್ ಟ್ರಿಪ್‌ನಲ್ಲಿ ಎಲ್ಲರೂ ನೋಡಿರ್ತೀವಿ, ಅದು ಇದೇ ಪೊಳ್ಳಿಲೂರು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿರೋ ಸಾಹೇಬ ಬೇಲಿ.

ಇಲ್ಲಿಂದ ಸರಿಯಾಗಿ ಇಪ್ಪತ್ತು ದಿನಕ್ಕೆ, ಸೆಪ್ಟೆಂಬರ್ 30ರಂದು, ಮದರಾಸಿನಲ್ಲಿ ಎರಡು ಕಂಪನಿ 'ಪಯೋನಿಯರ್'ಗಳನ್ನ ಎಬ್ಬಿಸಿದರು. ದಾರಿ ಮಾಡೋದು, ಸೇತುವೆ ಹಾಕೋದು, ಕಂದಕ ತೋಡೋದು ಇವರ ಕೆಲಸ. ಆ ಎರಡು ಕಂಪನಿಯೇ ಬೆಳೆದು ಮದ್ರಾಸ್ ಸ್ಯಾಪರ್ಸ್ ಆಯ್ತು, ಮುಂದೆ ಬೆಂಗಳೂರಿಗೆ ನೆಲೆ ಬದಲಿಸ್ತು. ಹಲಸೂರು ಕೆರೆ ಪಕ್ಕದಲ್ಲಿ ಎಂಇಜಿ ಸೆಂಟರ್ ಅಂತ ಬೋರ್ಡ್ ಇದೆಯಲ್ಲ, ಅದೇ ಇದು. ನಮ್ಮ ಮಾವ ಕೆಲಸ ಮಾಡಿದ್ದು ಅಲ್ಲೇ. ಈಗಲೂ ಅವರು ಸೆಪ್ಟೆಂಬರ್ 30 ಬಂದರೆ ಬೆಳಿಗ್ಗೆ ಶೇವ್ ಮಾಡಿ, ಇಸ್ತ್ರಿ ಶರ್ಟ್ ಹಾಕಿ ಕೂರ್ತಾರೆ. 1912ರಲ್ಲಿ ಅಲ್ಲಿದ್ದ ಕ್ಯಾಪ್ಟನ್ ಮೆಕ್‌ಲಿಂಟಾಕ್ ಮುಳ್ಳುತಂತಿ ಸಿಡಿಸೋಕೆ ಮಾಡಿದ ಉದ್ದನೆಯ ಪೈಪು, 'ಬ್ಯಾಂಗಲೋರ್ ಟಾರ್ಪಿಡೊ', ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿ ದಡದ ತನಕ ಹೋಯ್ತು. ಬೆಂಗಳೂರಿನ ಹೆಸರು ಐಟಿಗಿಂತ ಮುಂಚೆ ಜಗತ್ತಿಗೆ ತಲುಪಿದ ಒಂದು ದಾರಿ ಅದು.

ಸ್ವಲ್ಪ ಯೋಚಿಸಿ ನೋಡಿ. ಮೈಸೂರಿನ ವಿರುದ್ಧ ಹೋರಾಡೋಕೆ ಅಂತ ಹುಟ್ಟಿದ ಪಡೆ. ಅದರ ಮನೆ ಇವತ್ತು ಬೆಂಗಳೂರು. ಅದರಲ್ಲಿ ಕರ್ನಾಟಕದ ಹಳ್ಳಿ ಹುಡುಗರು ಇದ್ದಾರೆ, ತಮಿಳು, ತೆಲುಗು, ಮಲಯಾಳಿ ಹುಡುಗರ ಜೊತೆ. ಎಲ್ಲರಿಗೂ ಒಂದೇ ಅಡ್ಡಹೆಸರು, 'ತಂಬಿ'. ಹಾಗಾದರೆ ಅವರು ಯಾವ ಇತಿಹಾಸವನ್ನ ತಮ್ಮದು ಅನ್ನಬೇಕು?

ಕೋಟೆ ಮ್ಯೂಸಿಯಂಗೆ ಮಾವನನ್ನ ಕರಕೊಂಡು ಹೋದಾಗ ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು. ಮ್ಯೂಸಿಯಂ ಇರೋದು 1790ರ ದಶಕದ ಹಳೆ ಎಕ್ಸ್‌ಚೇಂಜ್ ಕಟ್ಟಡದಲ್ಲಿ. ಒಂದು ಕಾಲಕ್ಕೆ ವ್ಯಾಪಾರಿಗಳು ಸೇರ್ತಿದ್ದ ಜಾಗ, ತಾರಸಿ ಮೇಲೆ ಮದರಾಸಿನ ಮೊದಲ ಲೈಟ್‌ಹೌಸ್ ಉರೀತಿತ್ತು. ಒಳಗೆ ಲಾರ್ಡ್ ಕಾರ್ನ್‌ವಾಲಿಸ್‌ನ ದೊಡ್ಡ ಮಾರ್ಬಲ್ ಮೂರ್ತಿ. ಥಾಮಸ್ ಬ್ಯಾಂಕ್ಸ್ ಅನ್ನೋ ಶಿಲ್ಪಿ ಮಾಡಿದ್ದು, ಮದರಾಸಿನಲ್ಲಿ ಹಲವು ಕಡೆ ಸುತ್ತಿ ಕೊನೆಗೆ ಇಲ್ಲಿಗೆ ಬಂದು ನಿಂತಿದೆ. ಮುಖ ನೋಡಬೇಡಿ, ಬಗ್ಗಿ ಪೀಠ ನೋಡಿ. ಅಲ್ಲಿ ಕೆತ್ತಿರೋದು 1792ರ ದೃಶ್ಯ: ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನ ಒತ್ತೆಯಾಗಿ ಒಪ್ಪಿಸೋದು. ಒಬ್ಬನಿಗೆ ಹತ್ತರ ಆಸುಪಾಸು, ಇನ್ನೊಬ್ಬನಿಗೆ ಎಂಟು. ಅಬ್ದುಲ್ ಖಾಲಿಕ್ ಮತ್ತು ಮೊಯಿಜುದ್ದೀನ್. ಅಪ್ಪ ಕೊಡಬೇಕಾದ ದಂಡದ ದುಡ್ಡು ಮುಗಿಯೋ ತನಕ ಈ ಮಕ್ಕಳು ಮದರಾಸಿನಲ್ಲಿ ಇದ್ದರು. 1794ರಲ್ಲಿ ಅವರನ್ನ ವಾಪಸ್ ಒಪ್ಪಿಸಿದ್ದು ಎಲ್ಲಿ ಗೊತ್ತಾ? ದೇವನಹಳ್ಳಿಯಲ್ಲಿ. ಹೌದು, ನಾವು ಬೆಳಿಗ್ಗೆ ಆರರ ಫ್ಲೈಟ್‌ಗೆ ಓಡೋ ಅದೇ ದೇವನಹಳ್ಳಿ.

ಮಾವ ತುಂಬ ಹೊತ್ತು ಆ ಕೆತ್ತನೆ ನೋಡಿ, "ಈ ಮಕ್ಕಳ ವಯಸ್ಸಿನ ಮೊಮ್ಮಗ ಇದ್ದಾನೆ ನಂಗೆ" ಅಂದರು. ಆಮೇಲೆ, "ನಮ್ಮ ಪಲ್ಟನ್‌ನಲ್ಲಿ ಇದನ್ನ ಹಾಡಲ್ಲ ನಾವು" ಅಂದರು.

ಆ ಕೊನೆ ಮಾತಿನ ಅರ್ಥ ನನಗೆ ಆಗ ಹೊಸದು. ಸೈನ್ಯದಲ್ಲಿ 'ಬ್ಯಾಟಲ್ ಆನರ್' ಅಂತ ಇರುತ್ತೆ. ಒಂದು ಪಡೆ ಯಾವ ಯುದ್ಧದಲ್ಲಿ ಚೆನ್ನಾಗಿ ಹೋರಾಡಿತೋ ಆ ಹೆಸರನ್ನ ತನ್ನ ಧ್ವಜದ ಮೇಲೆ ಹಾಕಿಕೊಳ್ಳೋ ಹಕ್ಕು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೇನೆಗೆ ಸಮಸ್ಯೆ ಆಯ್ತು. ಹಳೆ ಪಡೆಗಳ ಪಟ್ಟಿಯಲ್ಲಿ 'ಕರ್ನಾಟಿಕ್', 'ಮೈಸೂರು', 'ಸೆರಿಂಗಪಟಮ್', 'ಅಸ್ಸಾಯೆ' ಎಲ್ಲ ಇದ್ದವು. ಅಂದ್ರೆ ನಮ್ಮವರೇ ನಮ್ಮವರನ್ನ ಸೋಲಿಸಿದ ಹೆಸರುಗಳು. ಇಂಥವನ್ನ 'ರಿಪಗ್ನೆಂಟ್' ಅಂತ ವರ್ಗ ಮಾಡಿದರು. ಮನಸ್ಸಿಗೆ ಒಗ್ಗದ್ದು, ಹೇಸಿಗೆಯದ್ದು ಅಂತ ಅರ್ಥ. ದಾಖಲೆಯಿಂದ ಅಳಿಸಲಿಲ್ಲ. ಧ್ವಜದ ಮೇಲೆ ಹಾಕಲ್ಲ, ಅದರ ಹೆಸರಲ್ಲಿ ಹಬ್ಬ ಮಾಡಲ್ಲ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಡಿಲೀಟ್ ಮಾಡಿಲ್ಲ, ಡೆಪ್ರಿಕೇಟ್ ಮಾಡಿದ್ದಾರೆ. ಕಮಿಟ್ ಹಿಸ್ಟರಿ ಹಾಗೇ ಇದೆ, ಹೊಸ ಕೋಡಿನಲ್ಲಿ ಯಾರೂ ಕರೆಯೋ ಹಾಗಿಲ್ಲ.

ಪೂರ್ತಿ ಅಚ್ಚುಕಟ್ಟಾಗಿಯೂ ಇಲ್ಲ ಇದು. ಅಸ್ಸಾಯೆ ಹೆಸರು ರಿಪಗ್ನೆಂಟ್, ಆದರೆ ಅದೇ ಯುದ್ಧಕ್ಕೆ ಸಿಕ್ಕ ಆನೆ ಇವತ್ತೂ ಮದ್ರಾಸ್ ರೆಜಿಮೆಂಟ್ ಲಾಂಛನದಲ್ಲಿದೆ. ಇರಲಿ ಬಿಡಿ. ಆನೆ ಏನು ಮಾಡಿತ್ತು ಪಾಪ.

ನನ್ನ ಸಹೋದ್ಯೋಗಿಗೆ ನಾನು ಕೊಟ್ಟ ಉತ್ತರ ಈ ಪದ್ಧತಿಯದ್ದೇ. ಆ ಸಿಪಾಯಿಗಳು ಯಾರಿಗಾಗಿ ಹೋರಾಡಿದರು ಅನ್ನೋದನ್ನ ನಾವು ಆಚರಿಸಬೇಕಿಲ್ಲ. ಅವರು ಇದ್ದರು ಅನ್ನೋದನ್ನ ಮರೆಯೋದೂ ಬೇಡ. ಚರ್ಚಿನ ಗೋಡೆ ತುಂಬ ಅಧಿಕಾರಿಗಳ ಹೆಸರಿದೆ, ಅವರ ಹೆಂಡಿರು ಮಕ್ಕಳ ಹೆಸರಿದೆ. ಅಡಯಾರ್‌ನಿಂದ ಶ್ರೀರಂಗಪಟ್ಟಣದ ತನಕ ನಡೆದ, ಗುಂಡು ತಿಂದ ತಂಬಿಗಳ ಹೆಸರಿಗೆ ಹುಡುಕಿ ನೋಡಿ. ಅವರು ಸುಮ್ಮನೆ ತಲೆಬಗ್ಗಿಸಿದ ಆಳುಗಳೂ ಆಗಿರಲಿಲ್ಲ. 1805ರ ಕೊನೆಗೆ ಮದರಾಸು ಸೈನ್ಯದ ಅಧಿಕಾರಿಗಳು ಹಣೆಯ ನಾಮ ವಿಭೂತಿ ಅಳಿಸಿ, ಗಡ್ಡ ತೆಗೀರಿ, ಚರ್ಮದ ಕುಚ್ಚಿನ ಹೊಸ ಟೋಪಿ ಹಾಕಿ ಅಂತ ಆದೇಶ ಹೊರಡಿಸಿದರು. 1806ರ ಜುಲೈ 10ರಂದು ವೆಲ್ಲೂರಿನಲ್ಲಿ ಸಿಪಾಯಿಗಳು ಎದ್ದರು. ಒಂದೇ ದಿನದಲ್ಲಿ ಅಡಗಿಸಿದರು, ನೂರಾರು ಸಿಪಾಯಿಗಳು ಸತ್ತರು. ಗವರ್ನರ್ ಬೆಂಟಿಂಕ್‌ನನ್ನೂ ಸೇನಾಪತಿಯನ್ನೂ ಲಂಡನ್ ವಾಪಸ್ ಕರೆಸಿಕೊಳ್ತು, ಟೋಪಿಯ ಆದೇಶ ರದ್ದಾಯ್ತು. 1857ಕ್ಕೆ ಐವತ್ತೊಂದು ವರ್ಷ ಮುಂಚೆ.

ನನ್ನ ಎರಡನೇ ಎಳೆ, ಬಳ್ಳಾರಿ. ನಿಮ್ಮೂರು ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲ ಆಗಿದ್ದರೆ ನಿಮ್ಮ ಅಜ್ಜ ಮುತ್ತಜ್ಜಂದಿರ ಸರ್ಕಾರ ಇದ್ದದ್ದು ಇದೇ ಕೋಟೆಯೊಳಗೆ. ನಮ್ಮದು 1953ರ ತನಕ, ಉಳಿದವು 1956ರ ತನಕ ಮದರಾಸು. ನಮ್ಮ ಮನೆಯ ಹಳೆ ಹೊಲದ ಕಾಗದಗಳಲ್ಲಿ ಮದರಾಸು ಸರ್ಕಾರದ ಮೊಹರು ಇದೆ. ಆ ಸರ್ವೆ, ಆ ಕಂದಾಯದ ಪದ್ಧತಿ ನಮ್ಮ ಕಡೆ ತಂದವನು ಥಾಮಸ್ ಮನ್ರೋ. ಪೊಳ್ಳಿಲೂರಿನಿಂದ ಓಡಿದ ಮನ್ರೋ ಅಲ್ಲ, ಇವನು ಬೇರೆ. 1799ರಲ್ಲಿ ಕೆನರಾಕ್ಕೆ ಕಲೆಕ್ಟರ್, ಆಮೇಲೆ ಬಳ್ಳಾರಿ ಸೇರಿದ ದತ್ತಮಂಡಲಕ್ಕೆ, ಕೊನೆಗೆ 1820ರಿಂದ ಮದರಾಸಿನ ಗವರ್ನರ್. ಮಂತ್ರಾಲಯಕ್ಕೆ ಹೋದವರಿಗೆ ಇವನ ಕಥೆ ಗೊತ್ತಿರುತ್ತೆ: ಮಠದ ಇನಾಮು ವಿಚಾರಣೆಗೆ ಬಂದ ಸಾಹೇಬ, ಬೂಟು ಟೋಪಿ ತೆಗೆದು ಬೃಂದಾವನದ ಮುಂದೆ ನಿಂತ, ರಾಯರು ಅವನೊಬ್ಬನಿಗೇ ಕಾಣಿಸಿ ಮಾತಾಡಿದರು ಅಂತ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. 1827ರಲ್ಲಿ ಅದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬಂದು ಸತ್ತ. ಅವನ ಗೋರಿ ಈಗ ಇರೋದು ಸೇಂಟ್ ಮೇರೀಸ್ ಚರ್ಚಿನಲ್ಲಿ. ನಮ್ಮಮ್ಮ ಚೆನ್ನೈಗೆ ಬಂದಾಗ ಮರೀನಾ ಬೀಚ್‌ಗಿಂತ ಮೊದಲು ನೋಡಬೇಕು ಅಂದದ್ದು ಇದನ್ನ.

ಕೋಟೆ ಈಗಲೂ ಸತ್ತಿಲ್ಲ. ಸೇನೆಯ ಕಚೇರಿ, ಕ್ವಾರ್ಟರ್ಸ್ ಇವೆ. ವಿಧಾನಸಭೆ ಇದೆ. 2010ರಲ್ಲಿ ಓಮಂದೂರಾರ್ ಎಸ್ಟೇಟ್‌ನಲ್ಲಿ ಹೊಸ ಕಟ್ಟಡ ಕಟ್ಟಿ ಅಲ್ಲಿಗೆ ಹೋದರು, ಮುಂದಿನ ವರ್ಷ ಸರ್ಕಾರ ಬದಲಾಯ್ತು, ವಾಪಸ್ ಕೋಟೆಗೇ ಬಂದರು, ಹೊಸ ಕಟ್ಟಡ ಆಸ್ಪತ್ರೆ ಆಯ್ತು. ರೋಲ್‌ಬ್ಯಾಕ್ ಅಂದ್ರೆ ಇದು! ಸಭೆಯ ಮುಂದೆ ಇರೋ ಕರಿಕಲ್ಲಿನ ಕಂಬಗಳಿಗೂ ಅಂಥದ್ದೇ ಕಥೆ: 1746ರಲ್ಲಿ ಫ್ರೆಂಚರು ಪಾಂಡಿಚೇರಿಗೆ ಹೊತ್ತುಕೊಂಡು ಹೋದರು, 1761ರಲ್ಲಿ ಪಾಂಡಿಚೇರಿ ಬಿದ್ದ ಮೇಲೆ ಇಂಗ್ಲಿಷರು ಹೊತ್ತು ತಂದರು.

ಇನ್ನು ಆ ಎತ್ತರದ ಧ್ವಜಸ್ತಂಭ. ಈಗಿನದು ಉಕ್ಕಿನದು, 1994ರಲ್ಲಿ ಹಾಕಿದ್ದು, ಅದಕ್ಕೆ ಮುಂಚೆ ತೇಗದ್ದಿತ್ತು. 1932ರ ಜನವರಿ 26ರ ನಸುಕಿನಲ್ಲಿ ಭಾಷ್ಯಂ ಅನ್ನೋ ಯುವಕ, 'ಆರ್ಯ' ಅಂತ ಹೆಸರಾದವನು, ಕಾವಲಿನ ಕಣ್ಣು ತಪ್ಪಿಸಿ ಆ ಸುಮಾರು ನೂರೈವತ್ತು ಅಡಿ ಕಂಬ ಹತ್ತಿ, ಇಂಗ್ಲಿಷರ ಬಾವುಟ ಇಳಿಸಿ ತ್ರಿವರ್ಣ ಕಟ್ಟಿ ಇಳಿದ. ಬೆಳಕಾದ ಮೇಲೇ ಎಲ್ಲರಿಗೂ ಕಂಡದ್ದು. ಹದಿನೈದು ವರ್ಷ ಬಿಟ್ಟು, 1947ರ ಆಗಸ್ಟ್ 15ರ ಬೆಳಿಗ್ಗೆ ಐದೂವರೆಗೆ, ಅದೇ ಕಂಬಕ್ಕೆ ತ್ರಿವರ್ಣ ಸರ್ಕಾರಿ ಗೌರವದಲ್ಲೇ ಏರಿತು. ರಾಜ್ಯದ ಮುಖ್ಯಮಂತ್ರಿ ಸ್ವಾತಂತ್ರ್ಯ ದಿನ ಧ್ವಜ ಹಾರಿಸೋ ಪದ್ಧತಿ ಕರುಣಾನಿಧಿ ಹೋರಾಡಿ ಪಡೆದದ್ದು, 1974ರಿಂದ. ಬೆಂಗಳೂರಿನ ಮಾಣೆಕ್ ಷಾ ಮೈದಾನದಲ್ಲಿ ನಮ್ಮ ಮುಖ್ಯಮಂತ್ರಿ ಧ್ವಜ ಹಾರಿಸೋದಕ್ಕೂ ಅದೇ ಬೇರು.

ಹೋಗೋದಾದರೆ: ಬೀಚ್–ತಾಂಬರಂ ಲೋಕಲ್ ಹಿಡಿದು ಫೋರ್ಟ್ ಸ್ಟೇಷನ್‌ನಲ್ಲಿ ಇಳೀರಿ, ಗುರುತಿನ ಚೀಟಿ ಇರಲಿ, ಅಧಿವೇಶನದ ದಿನ ಬೇಡ. ಮೊದಲು ಚರ್ಚು, ಆಮೇಲೆ ಮ್ಯೂಸಿಯಂ. ವೆಲ್ಲೆಸ್ಲಿ ಇದ್ದ ಮನೆಯ ಮುರಿದ ಗೋಡೆಯನ್ನೂ ಹೊರಗಿಂದ ನೋಡಿ. ಶ್ರೀರಂಗಪಟ್ಟಣದ ಕೊನೆಯ ಯುದ್ಧಕ್ಕೆ ಹೊರಟವನು, ಮುಂದೆ ವಾಟರ್‌ಲೂ ಗೆದ್ದವನು, ಅವನ ಮನೆಯ ಒಂದು ಭಾಗ ಕುಸಿದು ದಶಕಗಳಾದವು, ಗಿಡ ಬೆಳೆದಿದೆ. ಮ್ಯೂಸಿಯಂನ ಮಹಡಿ ಹತ್ತೋದನ್ನ ಮಾತ್ರ ಬಿಡಬೇಡಿ. 1947ರ ಆ ಬೆಳಿಗ್ಗೆ ಹಾರಿಸಿದ ಬಾವುಟ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ರೇಷ್ಮೆಯದು, ಸುಮಾರು ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಬಟ್ಟೆ ಮಾಸಬಾರದು ಅಂತ ಆ ಕೋಣೆಯಲ್ಲಿ ಬೆಳಕು ಕಮ್ಮಿ ಇಟ್ಟಿದ್ದಾರೆ. ಒಳಗೆ ಹೋದ ಮೇಲೆ ಒಂದು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಂಡ ಮೇಲೆ ಬಣ್ಣ ಕಾಣುತ್ತೆ.